ಸರ್ಟಿಫಿಕೇಟ್ ಆದಮೇಲೆ ಏನು?

ಕಾಲೇಜಿನ ಪ್ರತಿಭಾವಂತರ ಸಂಘಗಳು ಸೊರಗೋದು ಸದಸ್ಯತ್ವದ ಸರ್ಟಿಫಿಕೇಟ್ ಕೊಟ್ಟ ಮರುದಿನದಿಂದಲೇ. ವಾಟ್ಸಾಪ್ ಗ್ರೂಪಲ್ಲಿ ಬರೀ ಗುಡ್ ಮಾರ್ನಿಂಗ್. ಅಮೆರಿಕದಲ್ಲಿ 1776ರಲ್ಲಿ ಶುರುವಾದ ಫೈ ಬೀಟಾ ಕಪ್ಪಾ ಅನ್ನೋ ಇಂಥದ್ದೇ ಸಂಘ ಕೂಡ ಮೊದಲಿಗೆ ಬರೀ ಗೌರವವಲ್ಲ, ಸದಸ್ಯರು ಕೂತು ವಾದಿಸೋ ಚರ್ಚಾಕೂಟವೇ.

ಸದಸ್ಯರಿಗೆ ಕೆಲಸ ಹಚ್ಚಿ. ಇಬ್ಬರು ಸೇರಿ ಐದು ಜೂನಿಯರ್‌ಗಳಿಗೆ ವಾರಕ್ಕೊಮ್ಮೆ 45 ನಿಮಿಷ ಅಕೌಂಟೆನ್ಸಿ ಹೇಳಿಕೊಡಲಿ. ಒಬ್ಬರೇ ಆದರೆ ಅವರಿಗೆ ಜ್ವರ ಬಂದ ದಿನ ಪಾಠವೇ ಇಲ್ಲ. ಸಂಜೆ ಇಟ್ಟರೆ ನಮ್ಮ ಕೊಡಗಲ್ಲಿ ಭಾಗಮಂಡಲ ಕಡೆಯ ಮಕ್ಕಳು ಬಸ್ಸಿಗೆ ಓಡ್ತಾರೆ, ಊಟದ ಬಿಡುವೇ ಸರಿ. ಜನವರಿ ಬಂತೆಂದರೆ ಕಾಫಿ ಕುಯ್ಲು, ಹಾಜರಿ ನೆಚ್ಚಬೇಡಿ. ರಿಜಿಸ್ಟರಲ್ಲಿ ಮೂರೇ ಕಾಲಂ: ದಿನಾಂಕ, ಪಾಠ, ಎಲ್ಲಿ ಸಿಕ್ಕಿಕೊಂಡರು. 'ಸವಕಳಿ (ಯಂತ್ರದಂಥ ಆಸ್ತಿಯ ಬೆಲೆ ವರ್ಷವರ್ಷ ಇಳಿಸೋದು), ಎರಡನೇ ವರ್ಷದ ಲೆಕ್ಕ' ಅಂತ ಬರೆದಿದ್ದರೆ ಮುಂದಿನ ವಾರ ಯಾರೇ ಬರಲಿ, ಅಲ್ಲಿಂದಲೇ ಹಿಡೀಬಹುದು.

ಕಾರ್ಯದರ್ಶಿ ಫೈನಲ್ ಇಯರಿನವರಾ? ಪರೀಕ್ಷೆ ಮುಗಿದದ್ದೇ ರಿಜಿಸ್ಟರೂ ಮಾಯ. ಎರಡನೇ ವರ್ಷದವರೊಬ್ಬರನ್ನು ಈಗಲೇ ಜೊತೆಗೆ ಕೂರಿಸಿ.