ಬಣ್ಣ ಹೋದರೆ ಲಿಗ್ನಿನ್ ಒಡೆದಂತೆಯೇ?

ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಹೊಲಗಳಲ್ಲಿ ರವದಿ (ಒಣಗಿದ ಕಬ್ಬಿನೆಲೆ) ಬೇಗ ಕೊಳೆಯದೆ ಬಿದ್ದಿರುವುದಕ್ಕೆ, ಸಸ್ಯಗಳ ನಾರನ್ನು ಬೆಸೆದು ಗಟ್ಟಿಗೊಳಿಸುವ ಲಿಗ್ನಿನ್ ಎಂಬ ಪದಾರ್ಥ ಒಂದು ಮುಖ್ಯ ಕಾರಣ. ಕಾಗದದ ಗಿರಣಿಯಲ್ಲಿ ಕಟ್ಟಿಗೆಯನ್ನೋ ಕಬ್ಬಿನ ಸಿಪ್ಪೆಯನ್ನೋ ಕ್ಷಾರದಲ್ಲಿ ಬೇಯಿಸಿದಾಗ ನಾರು ಉಳಿದು, ಈ ಲಿಗ್ನಿನ್ ಕಪ್ಪು ದ್ರಾವಣವಾಗಿ ಬೇರ್ಪಡುತ್ತದೆ. ದೊಡ್ಡ ಗಿರಣಿಗಳು ಅದನ್ನು ಬಾಯ್ಲರಿನಲ್ಲಿ ಉರಿಸಿ ಶಾಖವನ್ನೂ ರಾಸಾಯನಿಕಗಳನ್ನೂ ಮರಳಿ ಪಡೆಯುತ್ತವೆಯಾದರೂ, ನಾರಿನ ತಿರುಳನ್ನು ತೊಳೆದು ಬಿಳುಪುಗೊಳಿಸಿದ ನೀರಿನಲ್ಲಿ ಕಂದು ಬಣ್ಣ ಉಳಿದೇ ಉಳಿಯುತ್ತದೆ.

ಈ ಬಣ್ಣಕ್ಕೆ ಕಾರಣವಾದ ಲಿಗ್ನಿನ್ ಅನ್ನು ಒಡೆಯಬಲ್ಲ ಸೂಕ್ಷ್ಮಜೀವಿಗಳಿವೆ. ಮರವನ್ನು ಕೊಳೆಸುವ ಬಿಳಿ ಕೊಳೆ ಶಿಲೀಂಧ್ರವೊಂದರಲ್ಲಿ ಲಿಗ್ನಿನ್ ಪೆರಾಕ್ಸಿಡೇಸ್ ಎಂಬ, ಲಿಗ್ನಿನ್ ಒಡೆಯುವ ಕಿಣ್ವ ಪತ್ತೆಯಾದದ್ದು 1983ರಲ್ಲಿ. ಲಿಗ್ನಿನ್ ಒಡೆಯುವುದರಲ್ಲಿ ಶಿಲೀಂಧ್ರವನ್ನು ಮೀರಿಸುವವರಿಲ್ಲ, ನಿಜ. ಆದರೆ ಅದಕ್ಕೆ ಆಮ್ಲೀಯ ಪರಿಸರ ಬೇಕು, ಗಿರಣಿಯ ದ್ರಾವಣವೋ ಕ್ಷಾರೀಯ. ಬ್ಯಾಕ್ಟೀರಿಯಾಗಳತ್ತ ಗಮನ ಹರಿಯುವುದು ಇಲ್ಲಿಯೇ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ತನ್ನ ಬೀಜಕದ ಹೊರಪದರದಲ್ಲಿ ಇಟ್ಟುಕೊಂಡಿರುವ ಲ್ಯಾಕೇಸ್ ಎಂಬ ಕಿಣ್ವ ಬಿಸಿಯನ್ನೂ ತಾಳಿಕೊಳ್ಳುತ್ತದೆ. ರೊಡೊಕಾಕಸ್ ಜೋಸ್ಟಿಯೈ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಡಿವೈಪಿ-ಬಿ ಎಂಬ ಪೆರಾಕ್ಸಿಡೇಸ್ ಲಿಗ್ನಿನ್ ಮೇಲೆ ವರ್ತಿಸುತ್ತದೆಂದು 2011ರಲ್ಲಿ ವರದಿಯಾಯಿತು.

ಆದರೂ ಕಿಣ್ವವನ್ನಷ್ಟೇ ತಂದು ಸುರಿದರೆ ಕೆಲಸವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಲ್ಯಾಕೇಸ್ ತನ್ನ ನಾಲ್ಕು ತಾಮ್ರದ ಪರಮಾಣುಗಳ ನೆರವಿನಿಂದ ಲಿಗ್ನಿನ್‌ನಲ್ಲಿರುವ ಫೀನಾಲ್ ಭಾಗಗಳ ಎಲೆಕ್ಟ್ರಾನ್ ಕಸಿದು ಆಮ್ಲಜನಕಕ್ಕೆ ಕೊಡುತ್ತದೆ. ಹೀಗೆ ಹುಟ್ಟಿದ, ಒಂಟಿ ಎಲೆಕ್ಟ್ರಾನಿನಿಂದ ಚುರುಕಾದ ಮುಕ್ತ ರ‍್ಯಾಡಿಕಲ್‌ಗಳು ಒಡೆಯುವ ಬದಲು ಒಂದಕ್ಕೊಂದು ಬೆಸೆದು ಇನ್ನೂ ದೊಡ್ಡ ಅಣುಗಳೂ ಆಗಬಹುದು. ಸ್ಯೂಡೊಮೊನಾಸ್ ಪುಟಿಡಾದಂಥ ಬ್ಯಾಕ್ಟೀರಿಯಾದ ಜೀವಂತ ಕೋಶಗಳು ಪಕ್ಕದಲ್ಲಿದ್ದು, ವೆನಿಲಿಕ್ ಆಮ್ಲದಂಥ ಚಿಕ್ಕ ತುಣುಕುಗಳನ್ನು ಆಗಿಂದಾಗ್ಗೆ ಒಳಗೆಳೆದುಕೊಂಡು ಆಹಾರವಾಗಿಸಿಕೊಂಡರೆ ಮಾತ್ರ ಒಡೆತ ಮುಂದುವರಿಯುತ್ತದೆ.

ಬ್ಯಾಕ್ಟೀರಿಯಾ ಲಿಗ್ನಿನ್ ಒಡೆಯಿತೇ ಎಂದು ನೋಡುವ ನಮ್ಮ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ಬಣ್ಣವನ್ನು. ಅಳೆಯಲು ಅದು ಸುಲಭವಲ್ಲವೇ! ಫ್ಲಾಸ್ಕಿಗೆ ಗ್ಲೂಕೋಸ್ ಹಾಕಿದ್ದರೆ ಬ್ಯಾಕ್ಟೀರಿಯಾ ಅದನ್ನು ತಿಂದು ಆಮ್ಲ ಬಿಡುತ್ತದೆ, ಪಿಎಚ್ ಇಳಿಯುತ್ತದೆ, ಹಾಲಿಗೆ ಲಿಂಬೆಹಣ್ಣು ಹಿಂಡಿದಂತೆ ಲಿಗ್ನಿನ್ ಕಂದು ಗಸಿಯಾಗಿ ತಳ ಸೇರುತ್ತದೆ. ಮೇಲಿನ ನೀರು ತಿಳಿಯಾಗಿರುತ್ತದೆ, ಒಡೆದದ್ದು ಮಾತ್ರ ಏನೂ ಇರುವುದಿಲ್ಲ. ಅದೇ ಫ್ಲಾಸ್ಕಿಗೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಅಲುಗಾಡಿಸಿದರೆ ಗಸಿ ಕರಗಿ ಬಣ್ಣ ಮತ್ತೆ ಏರುವುದನ್ನು ಕಣ್ಣಾರೆ ಕಾಣಬಹುದು. ಕೋಶಗಳ ಮೈಗೆ ಅಂಟಿಕೊಂಡೂ ಲಿಗ್ನಿನ್ ನೀರಿನಿಂದ ಮರೆಯಾಗುವುದರಿಂದ, ಕಾಯಿಸಿ ಕೊಂದ ಬ್ಯಾಕ್ಟೀರಿಯಾಗಳ ಫ್ಲಾಸ್ಕೊಂದನ್ನು ಹೋಲಿಕೆಗೆ ಜೊತೆಗಿಡಬೇಕು. ಬಣ್ಣವನ್ನು ಅಳೆಯುವ ಮುನ್ನ ಎಲ್ಲ ಮಾದರಿಗಳ ಪಿಎಚ್ ಒಂದೇ ಮಟ್ಟಕ್ಕೆ ತರಬೇಕು, ಸಾಧ್ಯವಾದಲ್ಲಿ ಅಣುಗಳನ್ನು ಬೇರ್ಪಡಿಸಿ ತೋರಿಸುವ ಕ್ರೊಮಟೋಗ್ರಫಿಯಿಂದ ಅಣುಗಳ ಗಾತ್ರವನ್ನೂ ನೋಡಬೇಕು.