ಬರೆಯುವವಳು ಮುನಿಸಿಕೊಂಡ ರಾತ್ರಿ

ಕತೆಯೂ ನನ್ನದೇ, ಚಿತ್ರವೂ ನನ್ನದೇ ಆದರೆ ಬೈಗುಳವೂ ಡಬಲ್. ನಿನ್ನೆ ಮಕ್ಕಳ ಪುಸ್ತಕದ ಕರಡನ್ನು ಗೆಳತಿಗೆ ತೋರಿಸಿದೆ. "ಚಿತ್ರ ಚೆನ್ನಾಗಿದೆ ಕಣೇ, ಕತೆ ಯಾಕೋ ಎಳೆದ ಹಾಗಿದೆ" ಅಂದಳು. ನನ್ನೊಳಗಿನ ಚಿತ್ರಗಾರ್ತಿ ಬೀಗಿದಳು, ಬರೆಯುವವಳು ಮುಖ ಊದಿಸಿಕೊಂಡಳು. ಇಬ್ಬರಿಗೂ ಹೊಟ್ಟೆ ಒಂದೇ. ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಮತ್ತೆ ತೆರೆದು ನೋಡಿದೆ. 7ನೇ ಪುಟದಲ್ಲಿ 'ಹುಡುಗಿ ಹೆದರಿ ಬಾಗಿಲ ಹಿಂದೆ ಅಡಗಿದಳು' ಅಂತ ಬರೆದಿದ್ದೇನೆ. ಚಿತ್ರದಲ್ಲೂ ಅದೇ. ಬಾಗಿಲು, ಅದರ ಹಿಂದೆ ಹುಡುಗಿ, ಇಷ್ಟಗಲ ಕಣ್ಣು. ಒಂದೇ ಮಾತನ್ನು ಎರಡು ಸಲ ಹೇಳಿದರೆ ಎಳೆದ ಹಾಗೆ ಅನ್ನಿಸದೆ ಇನ್ನೇನು? ಬರೆಯುವವರು, ಬಿಡಿಸುವವರು ಬೇರೆಬೇರೆ ಇದ್ದರೆ ಒಬ್ಬರಾದರೂ ತಡೆಯುತ್ತಿದ್ದರೇನೋ. ನನಗೆ ಜಗಳಕ್ಕೂ ಜನ ಇಲ್ಲ.

ಅಚ್ಚಿನ ಹಾಳೆ 16 ಪುಟಗಳಾಗಿ ಮಡಚಿಕೊಳ್ಳುವುದರಿಂದ ಇಂಥ ಪುಸ್ತಕ ಸಾಮಾನ್ಯವಾಗಿ 32ಕ್ಕೇ ನಿಲ್ಲುತ್ತದೆ. ಅಷ್ಟರಲ್ಲಿ ಒಂದು ಸಾಲು ಸುಮ್ನೆ ಕೂತರೂ ಗೊತ್ತಾಗುತ್ತದೆ. ಆ ವಾಕ್ಯ ಹೊಡೆದುಹಾಕಿದೆ. ಬಾಗಿಲು ಬಡಿದ 'ಟಕ್ ಟಕ್' ಮಾತ್ರ ಉಳಿಸಿದೆ. ಚಿತ್ರದಲ್ಲಿ ಸದ್ದು ಕೇಳಿಸುವುದಿಲ್ಲ, ಅಲ್ವಾ? ಹುಡುಕಿದರೆ ಇಂಥವು ಇನ್ನೂ 9 ಸಿಕ್ಕವು. ನಾಚಿಕೆಯಾಯಿತು.

ಸಾಲು ತಿದ್ದಲು ಒಂದು ನಿಮಿಷ, ಚಿತ್ರ ತಿದ್ದಲು ಎರಡು ದಿನ. ಅದಕ್ಕೇ ಇರಬೇಕು, ಚಿತ್ರದ ಬಗ್ಗೆ ಯಾರಾದರೂ ಏನಾದರೂ ಅಂದರೆ ನಾನು ಜಾಸ್ತಿ ವಾದ ಮಾಡುತ್ತೇನೆ. ಹುಡುಗಿಯ ಮೂಗು ಉದ್ದ ಆಯಿತು ಅಂತಲೂ ಗೆಳತಿ ಅಂದಿದ್ದಳು. ಅದು ನನ್ನ ಮೂಗು. ಅಷ್ಟೇ ಉದ್ದ ಇರುತ್ತದೆ.