ಕರ್ತನೇ, ಇವತ್ತು ಮಂಗಳವಾರ

ನಮ್ಮ ಬೋರ್ಡಿಂಗಿನ ಅಡುಗೆಮನೆಯಲ್ಲಿ ಹಿತ್ತಾಳೆಯ ಒಂದು ಸೇರು ಇತ್ತು. ಅದರ ಬಾಯಿ ಒಂದು ಕಡೆ ನೆಗ್ಗಿತ್ತು. ಬೆಳಿಗ್ಗೆ ಐದೂವರೆಗೆ ಮೇಟ್ರನ್ ಅಮ್ಮ ಅದರಲ್ಲೇ ಕುಚ್ಚಲಕ್ಕಿ ಅಳೆದು ಗಂಜಿಗೆ ಹಾಕುತ್ತಿದ್ದರು. ಅಳೆಯುವ ಮೊದಲು ಅಕ್ಕಿಯ ಮೇಲೆ ಅಂಗೈ ಇಟ್ಟು, "ಕರ್ತನೇ, ಇವತ್ತು ಮಂಗಳವಾರ. ಇವತ್ತಿಗೆ ಸಾಕಾಗುವಷ್ಟು ಕೊಡು" ಅನ್ನುತ್ತಿದ್ದರು. ಅಷ್ಟೇ ಪ್ರಾರ್ಥನೆ. ವಾರದ ಹೆಸರು ಮಾತ್ರ ಬದಲಾಗುತ್ತಿತ್ತು.

ನಾನು ಮಂಗಳೂರಿನ ಈ ಬೋರ್ಡಿಂಗ್ ಶಾಲೆಯಲ್ಲಿ ಓದಿದ್ದು 1986ರಿಂದ 1989ರವರೆಗೆ. ತಂಗಿಯೂ ನನ್ನ ಜೊತೆ ಬೋರ್ಡಿಂಗಿನಲ್ಲೇ ಇದ್ದಳು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕೆಲಸಕ್ಕಿದ್ದ ಹೆಂಚಿನ ಕಾರ್ಖಾನೆ ಮುಚ್ಚಿತು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮಂಥ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಚಿನ ಕೂಲಿಯಿಂದಲೇ. ಅಪ್ಪನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದೆ. ಮುಂದಿನ ವರ್ಷದ ಫೀಸು, ತಂಗಿಯ ಫೀಸು, ಮನೆ ಬಾಡಿಗೆ. ಒಂದು ದಿನ ಬೆಳಿಗ್ಗೆ ಮೇಟ್ರನ್ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದರು. ಕೈಗೆ ಸೇರು ಕೊಟ್ಟು, "ಅಳೆ" ಅಂದರು. ಅಳೆದೆ. "ನಾಳೆದನ್ನೂ ಈಗಲೇ ಬೇಯಿಸಿದರೆ ಏನಾಗ್ತದೆ ಮಗಾ?" ಅಂತ ಕೇಳಿದರು. "ಹಳಸ್ತದೆ ಅಮ್ಮ" ಅಂದೆ.

ಆಮೇಲೆ ಒಲೆಯ ಪಕ್ಕ ಕೂರಿಸಿಕೊಂಡು ಬೈಬಲಿನ ಮನ್ನದ ಕತೆ ಹೇಳಿದರು. ಇಸ್ರಾಯೇಲ್ಯರು ಅಡವಿಯಲ್ಲಿದ್ದಾಗ ದಿನಾ ಬೆಳಿಗ್ಗೆ ಆಕಾಶದಿಂದ ಮನ್ನ ಅನ್ನುವ ಆಹಾರ ಬೀಳುತ್ತಿತ್ತು. ಒಬ್ಬೊಬ್ಬರು ಒಂದು ಓಮೆರ್, ಅಂದರೆ ಆಗಿನ ಒಂದು ಅಳತೆಯಷ್ಟು, ಕೂಡಿಸಬೇಕು. ಮಾರನೇ ದಿನಕ್ಕೆ ಅಂತ ಬಚ್ಚಿಟ್ಟವರದ್ದು ಹುಳ ಬಿದ್ದು ನಾರಿತು. ಕತೆ ನನಗೆ ಸಂಡೇ ಸ್ಕೂಲಿನಿಂದಲೇ ಗೊತ್ತಿತ್ತು. ಆದರೆ ರಾತ್ರಿ ನಾನು ಬೆರಳಲ್ಲಿ ಎಣಿಸುತ್ತಿದ್ದ ಚಿಂತೆಗೂ ಹಾಗೇ ಹುಳ ಬೀಳುತ್ತದೆ ಅಂತ ಹೊಳೆದದ್ದು ಅವತ್ತು.

ನಾಳೆಗೆ ಏನೂ ಎತ್ತಿಡಬೇಡ ಅಂತ ಅವರು ಹೇಳಿದ್ದಲ್ಲ. ಮಳೆಗಾಲಕ್ಕೆ ಕಟ್ಟಿಗೆ ಒಟ್ಟುತ್ತಿದ್ದರು, ಭರಣಿ ತುಂಬ ಮಾವಿನಮಿಡಿ ಹಾಕುತ್ತಿದ್ದರು. ಅದು ಕೈಗೆ ಕೊಟ್ಟ ಕೆಲಸ. ಫೀಸಿನ ವಿಷಯ ಹೆಡ್ ಮೇಡಂ ಹತ್ತಿರ ಮಾತಾಡು ಅಂತ ನನ್ನನ್ನು ಕಳಿಸಿದ್ದೂ ಅವರೇ. ಆದರೆ ಇನ್ನೂ ಬಾರದ ನಾಳೆಯನ್ನು ಎದೆಯ ಮೇಲೆ ಇಟ್ಟುಕೊಂಡು ಮಲಗಬಾರದು. ಸಂಜೆ ಪ್ರಾರ್ಥನೆಯಲ್ಲಿ ಬೈಬಲಿನ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ ಓದಿಸುವಾಗ ಒಂದು ಮಾತನ್ನು ಎರಡು ಸಲ ಓದಿಸುತ್ತಿದ್ದರು: "ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು." ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ 'ಅನುದಿನದ ಆಹಾರವನ್ನು ಈ ಹೊತ್ತು' ಅಂತ ಬರುತ್ತದಲ್ವಾ, ಅಲ್ಲಿ 'ಈ ಹೊತ್ತು' ಅನ್ನುವಾಗ ಅವರ ದನಿ ಸ್ವಲ್ಪ ನಿಲ್ಲುತ್ತಿತ್ತು. ನಾವು ದಿನಾ ಆಡುವ 'ಇವತ್ತು' ಹುಟ್ಟಿದ್ದೂ ಆ 'ಈ ಹೊತ್ತಿ'ನಿಂದಲೇ. ಹಾಗಾಗಿ ನನಗೆ ಅದು ಪುಸ್ತಕದ ಮಾತು ಅಂತ ಯಾವತ್ತೂ ಅನ್ನಿಸಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಯಿತು, ನೌಕರಿ, ಮದುವೆ, ಮಕ್ಕಳು. ಆ ಪ್ರಾರ್ಥನೆ ಸುಮ್ನೆ ಬಾಯಲ್ಲಿ ಉಳಿದಿತ್ತು, ಅಷ್ಟೇ.

2014ರಲ್ಲಿ ನನ್ನ ಅಮ್ಮನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಮಂಗಳವಾರ, ಗುರುವಾರ, ಶನಿವಾರ. ಎಷ್ಟು ವರ್ಷ ಹೀಗೆ ಅಂತ ಕೇಳಿದಾಗ ಡಾಕ್ಟರು ಸುಮ್ಮನಾದರು. ಅವತ್ತು ರಾತ್ರಿ ಮತ್ತೆ ಬೆರಳು ಮಡಚತೊಡಗಿದೆ. ಆಗ ಆ ನೆಗ್ಗಿದ ಸೇರು ಕಣ್ಣ ಮುಂದೆ ಬಂತು.

ಅಮ್ಮ ಜಾಸ್ತಿ ನೀರು ಕುಡಿಯುವ ಹಾಗಿರಲಿಲ್ಲ. ಇಡೀ ದಿನದ ನೀರನ್ನು ಬೆಳಿಗ್ಗೆಯೇ ಅಳೆದು ಒಂದು ಸ್ಟೀಲ್ ಚೆಂಬಿನಲ್ಲಿ ಇಡುತ್ತಿದ್ದೆ. ಮಾತ್ರೆಗೂ ಅದರಲ್ಲೇ, ಬಾಯಾರಿಕೆಗೂ ಅದರಲ್ಲೇ. ಚೆಂಬಿನ ಮೇಲೆ ಕೈಯಿಟ್ಟು "ಕರ್ತನೇ, ಇವತ್ತು ಸೋಮವಾರ" ಅನ್ನುತ್ತಿದ್ದೆ. ಅಮ್ಮ ಮಂಚದಿಂದಲೇ "ಆಮೆನ್" ಅನ್ನುತ್ತಿದ್ದರು. ಕಾಯಿಲೆ ವಾಸಿಯಾಗಲಿ ಅಂತಲೂ ಬೇಡಿಕೊಂಡಿದ್ದೇನೆ, ಅತ್ತಿದ್ದೇನೆ. ಆದರೆ ನಮ್ಮಿಬ್ಬರನ್ನೂ ಎಬ್ಬಿಸಿ ಬಸ್ ಹತ್ತಿಸಿದ್ದು ಈ ಸಣ್ಣ ಪ್ರಾರ್ಥನೆ. ಎಷ್ಟೋ ಒಳ್ಳೆಯ ದಿನಗಳೂ ಸಿಕ್ಕವು. ಒಂದು ಬುಧವಾರ ಇಡೀ ಮಧ್ಯಾಹ್ನ ಅಮ್ಮ ಅಂಗಳದಲ್ಲಿ ಕೂತು ಮಲ್ಲಿಗೆ ಕಟ್ಟಿದ್ದು ನನಗೆ ಈಗಲೂ ಕಾಣುತ್ತದೆ.

ಮೂರು ವರ್ಷ ಹೀಗೇ ನಡೆಯಿತು. ಒಂದು ಶನಿವಾರ ರಾತ್ರಿ ಅಮ್ಮ ಹೋದರು.

ಬೆಳಗಿನ ಜಾವ ನಾನು ಅಭ್ಯಾಸದಂತೆ ಅಡುಗೆಮನೆಗೆ ಹೋಗಿ ಚೆಂಬಿಗೆ ನೀರು ಅಳೆದಿದ್ದೆ. ಅಳೆದ ಮೇಲೆ ಗೊತ್ತಾಯಿತು. ಕೈ ಹಾಗೇ ಅದರ ಮೇಲೆ ಇತ್ತು. "ಕರ್ತನೇ, ಇವತ್ತು ಆದಿತ್ಯವಾರ" ಅಂದೆ. ಮುಂದಿನ ಮಾತು ಬರಲಿಲ್ಲ. ಹಿಂದಿನಿಂದ ತಂಗಿ ಬಂದು ನನ್ನ ಕೈ ಮೇಲೆ ಕೈಯಿಟ್ಟಳು. "ಇವತ್ತಿಗೆ ಸಾಕಾಗುವಷ್ಟು ಕೊಡು" ಅಂದಳು.